ಹಿಡಿ ಕೂರದ ಸೌಟು

ಮಾರ್ಚ್ ಒಂಬತ್ತನೇ ತಾರೀಕು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಅತ್ತೆಯ ಕೈಯಿಂದ ಸೌಟು ಜಾರಿ ಬಿತ್ತು. ಹೊತ್ತು ಇಷ್ಟು ಕರಾರುವಾಕ್ಕಾಗಿ ಸೊಸೆಗೆ ನೆನಪಿರುವುದಕ್ಕೆ ಕಾರಣವಿದೆ. ಆಮೇಲೆ ಆಸ್ಪತ್ರೆಯಲ್ಲಿ ಒಬ್ಬರಾದ ಮೇಲೊಬ್ಬರು ಬಂದು ಕೇಳಿದ್ದು ಅದೊಂದನ್ನೇ: ಶುರುವಾದದ್ದು ಎಷ್ಟು ಗಂಟೆಗೆ?

ಆ ಗಳಿಗೆಯಲ್ಲಿ ಮಾತ್ರ ಯಾರಿಗೂ ಏನೂ ಹೊಳೆಯಲಿಲ್ಲ. "ಈ ಸೌಟಿಗೆ ಎಣ್ಣೆ ಸವರಿದೋರು ಯಾರು?" ಎಂದು ಅತ್ತೆ ಗದರಿದರು. ಬಗ್ಗಿ ಎತ್ತಿಕೊಂಡರು, ಮತ್ತೆ ಬಿತ್ತು. ಬೇಳೆ ನೆಲದ ಮೇಲೆಲ್ಲ ಚೆಲ್ಲಿತು. ಹೊರಗೆ ಪೇಪರ್ ಓದುತ್ತಿದ್ದ ಮಾವ, "ಏನೇ, ಬೆಳಬೆಳಿಗ್ಗೆ ತಾಳ ಹಾಕ್ತಿದ್ದೀಯಾ?" ಎಂದು ಕೂಗಿದರು. ಎದುರುತ್ತರ ಕೊಡಲು ಹೋದ ಅತ್ತೆಯ ನಾಲಿಗೆ ತೊದಲಿತು. ಮೂರನೇ ಸಲ ಸೌಟು ಬಿದ್ದಾಗ ಸೊಸೆ ತಿರುಗಿ ಅವರ ಮುಖ ನೋಡಿದಳು. ಬಾಯಿಯ ಬಲತುದಿ ಜೋತುಬಿದ್ದಿತ್ತು.

ಅವಳದು ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವ ಕೆಲಸ. ಗಾಜಿನ ಕೊಳವೆಯಲ್ಲಿ ಬಣ್ಣ ಎಳೆಯಷ್ಟು ಬದಲಾದರೂ ಅವಳ ಕಣ್ಣಿಗೆ ಬೀಳುತ್ತದೆ. ತನ್ನ ಪಕ್ಕದಲ್ಲೇ ನಿಂತಿದ್ದ ಅತ್ತೆಯ ಮುಖ ಬದಲಾದದ್ದು ಕಣ್ಣಿಗೆ ಬೀಳಲು ಸೌಟು ಮೂರು ಸಲ ಬೀಳಬೇಕಾಯಿತು. ಈ ಲೆಕ್ಕವನ್ನು ಅವಳು ಯಾರೆದುರೂ ಹೇಳಲಿಲ್ಲ.

ಪಾರ್ಶ್ವವಾಯುವಿಗೆ ಎರಡು ವಾರ ಆಸ್ಪತ್ರೆಯಲ್ಲಿದ್ದು ಅತ್ತೆ ಮನೆಗೆ ಬಂದರು. ಕಾಲು ಬಹುಮಟ್ಟಿಗೆ ಸರಿಹೋಗಿತ್ತು. ಮಾತು ಪೂರಾ ತಿರುಗಿ ಬಂದಿತ್ತು. "ಅದೊಂದಾದ್ರೂ ಸ್ವಲ್ಪ ನಿಧಾನಕ್ಕೆ ಬರಬಹುದಿತ್ತು" ಎಂದು ಮಾವ ಹೇಳಿ ಬೈಸಿಕೊಂಡರು. ಬಲಗೈ ಮಾತ್ರ ಬಂದಿರಲಿಲ್ಲ. ಭುಜದಿಂದ ಮೊಣಕೈವರೆಗೆ ಏಳುತ್ತಿತ್ತು. ಅದರಿಂದ ಕೆಳಗೆ ಒದ್ದೆ ಬಟ್ಟೆಯ ಹಾಗೆ ತೂಗುತ್ತಿತ್ತು. ಡಾಕ್ಟರು ಕಳಿಸಿಕೊಡುವಾಗ, "ಬರೋದರಲ್ಲಿ ಹೆಚ್ಚು ಪಾಲು ಮೊದಲ ಎರಡು ಮೂರು ತಿಂಗಳಲ್ಲೇ ಬರುತ್ತೆ. ವ್ಯಾಯಾಮ ತಪ್ಪಿಸಬೇಡಿ. ಮೇ ತಿಂಗಳಲ್ಲಿ ಕರ್ಕೊಂಡು ಬನ್ನಿ, ನೋಡೋಣ" ಎಂದಿದ್ದರು.

ಆ ಮನೆಯ ಅಡುಗೆಮನೆ ಅಂದರೆ ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕು, ಅಷ್ಟು. ಗೋಡೆಗೆ ಹೊಡೆದ ಮರದ ಪಟ್ಟಿಯಲ್ಲಿ ಅತ್ತೆಯ ಸಾಮಾನುಗಳು ಸಾಲಾಗಿ ತೂಗುತ್ತಿದ್ದವು. ಸಾಣೆ ಹಿಡಿದು ಹಿಡಿದು ಬೆರಳಗಲಕ್ಕೆ ಸವೆದ ಗಿಡ್ಡ ಚಾಕು, ಕಬ್ಬಿಣದ ಸೌಟು, ರೊಟ್ಟಿ ಎತ್ತುವ ಇಕ್ಕಳ, ಜರಡಿ, ಮರದ ಸಟ್ಟುಗ. ಸಟ್ಟುಗದ ತುದಿ ಒಂದು ಮಗ್ಗುಲಿಗೆ ಮಾತ್ರ ಓರೆಯಾಗಿ ಸವೆದಿತ್ತು. ಬಾಣಲೆಯ ತಳವನ್ನು ಒಂದೇ ಕೈ, ಒಂದೇ ದಿಕ್ಕಿಗೆ ಅಷ್ಟು ವರ್ಷ ಕೆರೆದರೆ ಮರ ಹಾಗೆಯೇ ಸವೆಯಬೇಕು. ಸೊಸೆ ತನಗೆಂದು ಬೇರೆ ಚಾಕು, ಬೇರೆ ಸೌಟು ಇಟ್ಟುಕೊಂಡಿದ್ದಳು. ಅವು ಕೆಳಗಿನ ಡ್ರಾಯರಿನಲ್ಲಿ ಇರುತ್ತಿದ್ದವು. ಮದುವೆಯಾದ ಹೊಸದರಲ್ಲಿ ಗಿಡ್ಡ ಚಾಕುವಿಗೆ ಕೈಹಾಕಿದಾಗ ಅತ್ತೆ ನಯವಾಗಿಯೇ ಹೇಳಿದ್ದರು: "ಅದು ಬೇಡಮ್ಮ, ನನ್ನ ಕೈಗೆ ಒಗ್ಗಿದ್ದು."

ಈಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಸೊಸೆ ಕೆಲಸಕ್ಕೆ ಹೊರಡುವ ಮುಂಚೆ ಅನ್ನ, ಬೇಳೆ, ಒಂದು ತರಕಾರಿ ಬೇಯಿಸಬೇಕು. ತರಕಾರಿ ಹೆಚ್ಚುವುದು ಮಾವನ ಪಾಲಿಗೆ ಬಂದಿತ್ತು. ಬಸ್ ಕಂಡಕ್ಟರಾಗಿ ನಿವೃತ್ತರಾದ ಅವರು ಆಲೂಗಡ್ಡೆಯನ್ನು ಟಿಕೆಟಿನ ಹಾಗೆ ತೆಳ್ಳಗೆ ಕೊಯ್ಯುತ್ತಿದ್ದರು.

"ಅಯ್ಯೋ, ಅದೇನು ಬೇಯಿಸೋಕೋ, ಹರಿದು ಕೊಡೋಕೋ?" ಎನ್ನುತ್ತಿದ್ದರು ಅತ್ತೆ ಸ್ಟೂಲಿನಿಂದ.

"ನಿನಗೆ ಫುಲ್ ಟಿಕೆಟ್ಟೋ ಹಾಫ್ ಟಿಕೆಟ್ಟೋ, ಮೊದಲು ಹೇಳು."

"ಉರಿ ಸಣ್ಣ ಮಾಡೇ. ತಳ ಹಿಡೀತಿದೆ, ವಾಸನೆ ಬರ್ತಿಲ್ವಾ?" ಈ ಗದರಿಕೆ ಸೊಸೆಗೆ.

"ಮಾಡಿದ್ದೀನಿ ಅತ್ತೆ."

"ಮಾಡಿದ್ರೆ ಸದ್ದು ಹಂಗಿರಲ್ಲ."

ಅತ್ತೆ ಹೇಳಿದ್ದು ಸರಿಯೇ ಇರುತ್ತಿತ್ತು, ಅದೇ ಕಷ್ಟ. ಬೇಳೆ ಒಮ್ಮೆ ನೀರು, ಒಮ್ಮೆ ಗಟ್ಟಿ. ಎಂಟನೇ ಕ್ಲಾಸಿನ ಮಗಳು, ಮನೆಯವರೆಲ್ಲ ಗುಬ್ಬಿ ಎಂದು ಕರೆಯುವವಳು, ತಟ್ಟೆಯ ಅಂಚಿಗೆ ಅನ್ನ ಸರಿಸಿ, "ಅಜ್ಜಿ ಕೈ ಯಾವಾಗ ಸರಿ ಹೋಗುತ್ತೆ?" ಎಂದು ಕೇಳಿದಳು. ಕೇಳಿದ್ದು ಅಜ್ಜಿಯ ಮೇಲಿನ ಅಕ್ಕರೆಗೋ ಬೇಳೆಗೋ ಯಾರಿಗೂ ತಿಳಿಯಲಿಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಮಾವ ಮಾತೆತ್ತಿದರು. ಹಿಂದಿನ ಬೀದಿಯಲ್ಲಿ ಮನೆಮನೆಗೆ ಹೋಗಿ ಅಡುಗೆ ಮಾಡಿಕೊಡುವ ಹೆಂಗಸೊಬ್ಬಳಿದ್ದಾಳೆ. ಬೆಳಿಗ್ಗೆ ಬಂದು ಎರಡು ಹೊತ್ತಿನದನ್ನೂ ಮಾಡಿಟ್ಟು ಹೋಗುತ್ತಾಳೆ. "ಈ ಹುಡುಗಿ ಎಷ್ಟೂಂತ ಒದ್ದಾಡ್ತಾಳೆ? ಕಣ್ಣು ನೋಡು, ಗುಳಿ ಬಿದ್ದಿವೆ. ಸೀಟು ಖಾಲಿ ಇದ್ರೆ ಯಾರಾದ್ರೂ ಕೂರಬೇಕಲ್ಲ."

"ನನ್ನ ಸೀಟು ಖಾಲಿ ಆಗಿಲ್ಲ" ಎಂದರು ಅತ್ತೆ. "ಟವೆಲ್ ಹಾಕಿದ್ದೀನಿ."

"ಎಷ್ಟು ದಿನಾಂತ ಟವೆಲ್ ಹಾಕಿಡ್ತೀಯ?"

"ಕೈ ಬರೋ ತನಕ. ಇನ್ನೊಬ್ಬಳು ಬಂದು ನನ್ನ ಚಾಕು ಮುಟ್ಟಿದ ದಿನ ನಾನು ಆ ಬಾಗಿಲಿಂದ ಆಚೆ."

ಕೊನೆಗೆ ಮಗನೇ ರಾಜಿ ಮಾಡಿಸಿದ. ಮೇ ತಿಂಗಳ ಪರೀಕ್ಷೆ ತನಕ ಯಾರೂ ಬರುವುದು ಬೇಡ. ಕೈ ಬರುತ್ತಿದೆ ಎಂದು ಆಸ್ಪತ್ರೆಯವರು ಹೇಳಿದರೆ ಒಲೆ ಅಮ್ಮನದು. ಇಲ್ಲ ಎಂದರೆ ಅಪ್ಪ ಹೇಳಿದ ಹಾಗೆ. ಅತ್ತೆ ಒಪ್ಪಿದರು. ಅಂದಿನಿಂದ ರಬ್ಬರ್ ಚೆಂಡು ಅಮುಕುವ ವ್ಯಾಯಾಮವನ್ನು ಹೇಳಿದ್ದಕ್ಕಿಂತ ಇಮ್ಮಡಿ ಮಾಡಿದರು. ಚೆಂಡು ಕೈಯೊಳಗೆ ಇರುತ್ತಿತ್ತು, ಅಷ್ಟೇ. ಅಮುಕಿದ್ದು ಅವರ ಹಲ್ಲಿನಲ್ಲಿ, ಹುಬ್ಬಿನಲ್ಲಿ ಕಾಣುತ್ತಿತ್ತು, ಚೆಂಡಿನಲ್ಲಿ ಕಾಣುತ್ತಿರಲಿಲ್ಲ.

ಮಗನದು ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಕೆಲಸ. ಕಾರ್ಖಾನೆಯಲ್ಲಿ ಅವನಿಗೆ ಮಿಲಿಮೀಟರ್ ಎಂದೇ ಅಡ್ಡಹೆಸರು. ಮದುವೆಯ ಉಂಗುರವನ್ನೂ ಅಳತೆಪಟ್ಟಿ ಹಿಡಿದು ನೋಡಿ ತಂದವನು. ಒಂದು ಸಂಜೆ ಅವನು ಅಮ್ಮನ ಎದುರು ಕುಳಿತು ಗಿಡ್ಡ ಚಾಕುವನ್ನು ತಿರುಗಿಸಿ ತಿರುಗಿಸಿ ನೋಡಿದ.

"ತಪ್ಪು ನಿನ್ನ ಕೈದಲ್ಲಮ್ಮ. ಹಿಡಿ ಸಣ್ಣದಾಯ್ತು. ಬೆರಳು ಪೂರ್ತಿ ಮಡಚೋಕೆ ಆಗದೆ ಇದ್ರೆ ಹಿಡಿ ದಪ್ಪ ಇರಬೇಕು. ಬೆರಳು ಕೂರೋಕೆ ಗುಳಿ ಇರಬೇಕು. ನಿನ್ನ ಕೈ ಅಳತೆಗೇ ಮಾಡಿಬಿಡ್ತೀನಿ, ನೋಡ್ತಿರು."

"ಮಾಡೋ, ಮಾಡೋ" ಎಂದರು ಅತ್ತೆ. ಆಸ್ಪತ್ರೆಯಿಂದ ಬಂದ ಮೇಲೆ ಅವರ ಮುಖ ಅಷ್ಟು ಬಿಚ್ಚಿದ್ದು ಅದೇ ಮೊದಲು.

ಕೈಯ ಅಚ್ಚು ತೆಗೆಯಲು ರೊಟ್ಟಿಗೆ ಕಲಸಿದ್ದ ಹಿಟ್ಟೇ ಸಾಕಾಯಿತು. ಅವನು ಒಂದು ಉಂಡೆಯನ್ನು ಉದ್ದಕ್ಕೆ ಹೊಸೆದು ಕೊಟ್ಟು, "ಗಟ್ಟಿಯಾಗಿ ಹಿಡಿ, ಚಾಕು ಹಿಡಿದ ಹಾಗೇನೇ" ಎಂದ. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಕೆಳಗಿನಿಂದ ಕೂಗಿದ, ಮಗ ಇಳಿದು ಹೋದ. ಸಿಲಿಂಡರು ಹೊತ್ತು ಮೇಲೆ ಬರುವಷ್ಟರಲ್ಲಿ ಅಚ್ಚು ತಟ್ಟೆಯಲ್ಲಿ ತಯಾರಿತ್ತು. ನಾಲ್ಕು ಬೆರಳು, ಒಂದು ಹೆಬ್ಬೆರಳು, ಉಗುರಿನ ಗೆರೆ ಸಮೇತ.

"ನೋಡಿದ್ರಾ!" ಎಂದು ಅವನು ತಟ್ಟೆಯನ್ನು ಅಪ್ಪನ ಮೂಗಿನ ಬುಡಕ್ಕೆ ಹಿಡಿದ. "ಶಕ್ತಿ ಇದೆ ಅಪ್ಪ, ಶಕ್ತಿ ಇದೆ! ಹಿಡಿಯೋಕೆ ಸರಿಯಾದ್ದು ಸಿಗ್ತಿರಲಿಲ್ಲ, ಅಷ್ಟೇ."

ಸೊಸೆ ಒಲೆಯ ಹತ್ತಿರ ನಿಂತಿದ್ದಳು. ಅತ್ತೆ ಸೆರಗಿನೊಳಗೆ ಒರೆಸಿಕೊಳ್ಳುತ್ತಿದ್ದ ಕೈ ಎಡದ್ದು. ಹಿಟ್ಟು ಮೆತ್ತಿದ್ದೂ ಅದಕ್ಕೇ. ಅತ್ತೆ ತಲೆ ಎತ್ತಿ ಅವಳನ್ನು ನೋಡಿದರು, ಮತ್ತೆ ಸೆರಗು ನೋಡಿಕೊಂಡರು.

ಮಾರನೆಯ ಬೆಳಿಗ್ಗೆ ಇಬ್ಬರೇ ಇದ್ದಾಗ ಸೊಸೆ ಕೇಳಿಯೇಬಿಟ್ಟಳು.

"ಅತ್ತೆ, ನಿನ್ನೆ ಒತ್ತಿದ್ದು ಎಡಗೈಲಿ ಅಲ್ವಾ?"

"ಮೆಲ್ಲಗೆ ಮಾತಾಡೇ."

"ಅವರು ಅದರ ಅಳತೆಗೇ ಎಲ್ಲ ಮಾಡ್ತಾರೆ. ಬಲಗೈಗೆ ಕೂರೋದೇ ಇಲ್ಲ."

"ಮೊದಲು ಬಲಗೈಲೇ ಒತ್ತಿದೆ. ನಿನ್ನಾಣೆಗೂ ಒತ್ತಿದೆ ಕಣೇ. ಹಿಟ್ಟು ಹೆಂಗಿತ್ತೋ ಹಂಗೇ ಇತ್ತು, ನುಣ್ಣಗೆ. ಅವನು ಮೆಟ್ಟಿಲು ಹತ್ತಿ ಬರ್ತಿರೋ ಸದ್ದು ಕೇಳಿಸ್ತು." ಅತ್ತೆ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡರು. "ಆ ನುಣ್ಣನೆ ಹಿಟ್ಟು ಹೆಂಗೆ ಕೊಡ್ಲಿ ಅವನ ಕೈಗೆ? ಮುಖ ನೋಡಿದ್ಯಾ ಅವಂದು? ಇನ್ನು ಸ್ವಲ್ಪ ದಿನಕ್ಕೆ ಬಲಗೈ ಬಂದೇ ಬರುತ್ತೆ. ಆಗ ನಾನೇ ಹೇಳ್ತೀನಿ. ನೀನು ಬಾಯಿಬಿಡಬೇಡ."

ಸೊಸೆ ಬಾಯಿಬಿಡಲಿಲ್ಲ. ಬಿಡುವುದಕ್ಕೆ ಅವಳಿಗೂ ಧೈರ್ಯವಿರಲಿಲ್ಲ ಎನ್ನುವುದೇ ನಿಜ. ಗಂಡ ಊಟಕ್ಕೆ ಕೈ ತೊಳೆಯುವಾಗ ಸಿಳ್ಳೆ ಹಾಕುತ್ತಿದ್ದ. ಅವನು ಸಿಳ್ಳೆ ಹಾಕಿ ತಿಂಗಳಾಗಿತ್ತು.

ಅವನು ಅಚ್ಚನ್ನು ಒಣಗಿಸಿ, ಅದನ್ನೇ ಎದುರಿಗಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಕಾರ್ಖಾನೆಯಲ್ಲೇ ಉಳಿದು ಮರ ಕಡೆದ. ಮೊದಲು ಬಂದದ್ದು ಚಾಕು. ಹೊಳಪು ಕೊಟ್ಟ ಕೆಂಪು ಮರದ ಹಿಡಿ, ಅದರಲ್ಲಿ ಬೆರಳಿಗೊಂದೊಂದು ಗುಳಿ. ಅಮ್ಮನ ಬಲಗೈಯಲ್ಲಿಟ್ಟು ಒಂದೊಂದೇ ಬೆರಳು ಮಡಚಿದ. ಬೆರಳು ದಿಣ್ಣೆಯ ಮೇಲೆ ಕೂತವು, ಗುಳಿ ಖಾಲಿ ಉಳಿಯಿತು. ಚಾಕು ಮಗುಚಿಕೊಂಡು ಮಡಿಲಿಗೆ ಬಿತ್ತು.

"ನನ್ನದೇ ತಪ್ಪು" ಎಂದ ಅವನು. "ಒಣಗಿದಾಗ ಹಿಟ್ಟು ಕುಗ್ಗುತ್ತೆ. ಅದನ್ನ ಲೆಕ್ಕಕ್ಕೆ ಹಿಡೀಲಿಲ್ಲ."

ಎರಡನೆಯದು ಕೊಂಚ ದಪ್ಪ ಮಾಡಿ ತಂದ. ಅದೂ ಕೂರಲಿಲ್ಲ. ಆಮೇಲೆ ಸೌಟಿಗೆ ಹಿಡಿ, ಸಟ್ಟುಗಕ್ಕೆ ಹಿಡಿ. ಹೆಬ್ಬೆರಳು ವಿಚಿತ್ರ ಕಡೆ ಬಂದಿದೆ ಎನ್ನುವುದು ಅವನ ಕಣ್ಣಿಗೆ ಬೀಳದೆ ಇರಲಿಲ್ಲ. ಆದರೆ ಅದಕ್ಕೆ ಅವನೇ ಒಂದು ಕಾರಣ ಹುಡುಕಿಕೊಂಡಿದ್ದ: ಕಾಯಿಲೆಯಲ್ಲಿ ಅಮ್ಮನ ಬೆರಳು ಹಾಗೆ ತಿರುಗಿಕೊಂಡಿರಬೇಕು. ಕಾರ್ಖಾನೆಗೆ ಬಂದ ಪ್ರತಿ ಕಂಬಿಯನ್ನೂ ಎರಡೆರಡು ಸಲ ಅಳೆಯುವವನು ಅಮ್ಮ ಕೊಟ್ಟ ಅಚ್ಚನ್ನು ಒಂದು ಸಲವೂ ಅನುಮಾನಿಸಲಿಲ್ಲ. ದಿನಾ ತಡವಾಗಿ ಬರುತ್ತಿದ್ದ. ಉಗುರಿನ ಸಂದಿಯಲ್ಲಿ ಮರದ ಹೊಟ್ಟು. ಕಂಪನಿಯ ಯಂತ್ರದಲ್ಲಿ ಸ್ವಂತ ಕೆಲಸ ಮಾಡುತ್ತಾನೆಂದು ಮೇಸ್ತ್ರಿ ಎಲ್ಲರ ಎದುರು ಬೈದನಂತೆ. ಸಿಳ್ಳೆ ನಿಂತುಹೋಯಿತು.

ಅವನಿಲ್ಲದ ಹೊತ್ತಿನಲ್ಲಿ ಅತ್ತೆ ಸೊಸೆ ಸೇರಿ ಇನ್ನೊಂದು ಪ್ರಯೋಗ ಮಾಡಿದರು. ಸೊಸೆಯದೇ ಸಲಹೆ.

"ಹಿಡಿ ಎಡಗೈದು ತಾನೇ. ಎಡಗೈಲೇ ಮಾಡಿಬಿಡಿ ಅತ್ತೆ. ಇಷ್ಟಕ್ಕೂ ಮಾಡಬಾರದೂಂತ ಏನಿದೆ?"

ಚಾಕು ಎಡಗೈಯಲ್ಲಿ ಹೇಳಿ ಮಾಡಿಸಿದ ಹಾಗೆ ಕೂತಿತು. ಅತ್ತೆಯೂ ನಕ್ಕರು: "ಕಳ್ಳ ನನ್ನ ಮಗ, ಎಷ್ಟು ಚೆನ್ನಾಗಿ ಮಾಡಿದ್ದಾನೆ ನೋಡು." ಈರುಳ್ಳಿಯ ಮೇಲೆ ಒತ್ತಿದರು. ಈರುಳ್ಳಿ ಉರುಳಿ ಕೆಳಗೆ ಬಿದ್ದು ಸಿಲಿಂಡರಿನ ಹಿಂದೆ ಹೋಯಿತು. ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕು. ಸೌಟು ಹಾಕಿ ಬೇಳೆ ತಿರುವಿದರು. ಸೌಟಿನ ಜೊತೆಗೆ ಪಾತ್ರೆಯೂ ಒಲೆಯ ಮೇಲೆ ಗರಗರ ತಿರುಗಿತು. ಸೊಸೆ ಬಟ್ಟೆ ಸುತ್ತಿ ಪಾತ್ರೆಯ ಕಿವಿ ಹಿಡಿದು ನಿಂತಳು.

"ನೀನು ಹಿಡ್ಕೊಂಡೇ ನಿಂತಿರೋದಾದ್ರೆ ನೀನೇ ತಿರುವು" ಎಂದು ಅತ್ತೆ ಸೌಟು ಕೊಟ್ಟುಬಿಟ್ಟರು.

"ಹಲಗೆಗೆ ಮೊಳೆ ಹೊಡೆದು, ಈರುಳ್ಳೀನ ಅದಕ್ಕೆ ಚುಚ್ಚಿ ನಿಲ್ಲಿಸಬಹುದು. ಪಾತ್ರೆಗೂ ಏನಾದ್ರೂ ಆನಿಕೆ…"

"ಬೇಡ ಕಣೇ. ಹೊಟ್ಟೆ ತುಂಬಿಸೋಕೆ ಯಾರು ಬೇಯಿಸಿದ್ರೂ ಆಗುತ್ತೆ. ನನಗೆ ನನ್ನ ಕೈ ಬೇಕು."

ಸೊಸೆ ಬಗ್ಗಿ ಈರುಳ್ಳಿ ಹುಡುಕಿದಳು.

ಮೇ ಎರಡನೇ ವಾರ ಬಂತು. ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದಾಗ ಮಗ ಚೀಲದಿಂದ ಐದನೆಯದೋ ಆರನೆಯದೋ ಹಿಡಿಯನ್ನು ತೆಗೆದು ತಟ್ಟೆಯ ಪಕ್ಕ ಇಟ್ಟ. ಅತ್ತೆ ಅದರತ್ತ ನೋಡಲಿಲ್ಲ.

"ಊಟ ಆಗ್ಲಿ ಕಣೋ."

"ಒಂದ್ಸಲ ಹಿಡಿದು ನೋಡಮ್ಮ. ಈ ಸಲ ರಬ್ಬರ್ ಸುತ್ತಿದ್ದೀನಿ, ಜಾರಲ್ಲ."

ಹಿಡಿದರು. ಜಾರಿತು. ರಬ್ಬರ್ ಇದ್ದದ್ದಕ್ಕೆ ಸದ್ದು ಬರಲಿಲ್ಲ ಅಷ್ಟೇ.

"ಬಿಟ್ಟುಬಿಡೋ ಮಾರಾಯ" ಎಂದರು ಮಾವ. "ಆ ಹೆಂಗಸಿನ ಹತ್ರ ಮಾತಾಡಿದ್ದೀನಿ. ತಿಂಗಳ ಕೊನೆಗೆ ಬರ್ತೀನಿ ಅಂದಿದ್ದಾಳೆ."

"ಪರೀಕ್ಷೆ ಆಗೋ ತನಕ ಅಂತ ಮಾತಾಗಿತ್ತು!" ಅತ್ತೆಯ ದನಿ ಏರಿತು.

"ಆಗ್ಲಿ ಬಿಡು, ಪರೀಕ್ಷೆ ಆಗ್ಲಿ. ನಾನೇನು ಇವತ್ತೇ ಹತ್ತಿಸಿಕೊಂಡು ಬಂದ್ನಾ?"

"ಅಪ್ಪ, ಒಂದು ವಾರ ಕೊಡಿ" ಎಂದ ಮಗ. "ಮೊದಲನೇ ಅಚ್ಚಲ್ಲೇ ಏನೋ ಯಡವಟ್ಟಾಗಿದೆ. ಇನ್ನೊಂದು ಅಚ್ಚು ತೆಗೀತೀನಿ. ಅಮ್ಮ, ನಾಳೆ ಭಾನುವಾರ, ನಾನೇ ಕೂತು ಒತ್ತಿಸ್ತೀನಿ. ಮೂರು ಹೊಸ ಹಿಡಿಗೆ ಮರಾನೂ ಹೇಳಿಬಿಟ್ಟಿದ್ದೀನಿ…"

ಅತ್ತೆಯ ಮುಖ ಬಿಳಿಚಿಕೊಂಡಿತು. ಸೊಸೆ ಅವರನ್ನು ನೋಡಿದಳು. ಹೇಳಬೇಡ ಎಂದು ಕಣ್ಣಲ್ಲೇ ಬೇಡುತ್ತಿದ್ದರು. ಗಂಡನನ್ನು ನೋಡಿದಳು, ಬೆರಳಿನ ತುದಿಯಲ್ಲಿ ಹೊಸ ಗಾಯ, ಅದಕ್ಕೆ ಸುತ್ತಿದ ಚಿಂದಿ.

"ಅದು ಎಡಗೈ ಅಚ್ಚು ರೀ" ಎಂದಳು.

ಅವನು ಹಿಡಿಯನ್ನು ಎತ್ತಿ ತನ್ನ ಎಡಗೈಯಲ್ಲಿ ಇಟ್ಟು ನೋಡಿದ, ಬಲಗೈಯಲ್ಲಿ ಇಟ್ಟು ನೋಡಿದ. ಮತ್ತೆ ಎಡಗೈಯಲ್ಲಿ.

"ನಿನಗೆ ಯಾವಾಗಿಂದ ಗೊತ್ತು?"

"ಮೊದಲನೇ ದಿನದಿಂದ."

"ಮೊದಲನೇ ದಿನದಿಂದ! ನಾನು ಅಲ್ಲಿ ಮೇಸ್ತ್ರಿ ಕೈಲಿ ಉಗಿಸಿಕೊಂಡು, ಕಣ್ಣು ಕಿತ್ಕೊಂಡು ಮರ ಕೆತ್ತುತಾ ಇದ್ರೆ ನೀನು ಇಲ್ಲಿ ಸುಮ್ನೆ ನೋಡ್ತಾ ಕೂತಿದ್ದೆಯಾ? ಗೊಂಬೆಯಾಟ ನೋಡಿದ ಹಾಗೆ?"

"ಅವಳನ್ನ ಯಾಕೋ ಅಂತೀಯ, ನಾನೇ…" ಎಂದು ಶುರುಮಾಡಿದ ಅತ್ತೆ, ಅರ್ಧಕ್ಕೇ ತಿರುಗಿ ಸೊಸೆಯ ಮೇಲೆ ಹರಿಹಾಯ್ದರು: "ನಾನೇ ಹೇಳ್ತೀನಿ ಅಂದಿರಲಿಲ್ವೇನೇ? ಒಂದು ಮಾತು ಹೊಟ್ಟೆಯಲ್ಲಿ ಇಟ್ಕೊಳ್ಳೋಕೆ ಆಗಲ್ವಾ ನಿನಗೆ?"

ಹೇಳದೆ ಇದ್ದದ್ದಕ್ಕೆ ಗಂಡನಿಂದ, ಹೇಳಿದ್ದಕ್ಕೆ ಅತ್ತೆಯಿಂದ. ಒಂದೇ ತುತ್ತಿಗೆ ಎರಡು ಕಡೆಯ ಬೈಗುಳ. ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಗುಬ್ಬಿಯೂ ಅವಳ ಹಿಂದೆಯೇ ಎದ್ದು ಸಿಂಕಿನ ಹತ್ತಿರ ಸೊಂಟ ತಬ್ಬಿ ನಿಂತಳು. ಒಳಗೆ ಮಾವ ಹೇಳುತ್ತಿದ್ದುದು ಕೇಳಿಸಿತು: "ಎಲ್ಲರೂ ಊಟ ಮಾಡಿ. ಅನ್ನಕ್ಕೆ ಏನು ಗೊತ್ತು ಪಾಪ, ಎಡಗೈ ಬಲಗೈ."

ಅದಾದ ಮೇಲೆ ಗಂಡ ಹೆಂಡತಿಯ ನಡುವೆ "ಉಪ್ಪು", "ನೀರು", "ಬೀಗದಕೈ" ಎಂಬಷ್ಟೇ ಮಾತು. ಹೊಸ ಅಚ್ಚು ತೆಗೆಯುವ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಕಡೆದ ಹಿಡಿಗಳು ಕೆಳಗಿನ ಡ್ರಾಯರಿನಲ್ಲಿ ಸೊಸೆಯ ಸೌಟಿನ ಜೊತೆ ಬಿದ್ದಿದ್ದವು. ಡ್ರಾಯರು ಎಳೆದಾಗಲೆಲ್ಲ ಗುಡುಗುಡು ಉರುಳುತ್ತಿದ್ದವು. ಅತ್ತೆ ಮಾತ್ರ ಎದ್ದಾಗ, ಕೂತಾಗ, ಪಕ್ಕದ ಮನೆಯವಳು ಮಾತಾಡಿಸಲು ಬಂದಾಗಲೂ ಚೆಂಡು ಅಮುಕಿದರು.

ಇಪ್ಪತ್ತನೇ ತಾರೀಕು ಮಂಗಳವಾರ ಆಸ್ಪತ್ರೆಗೆ ಹೊರಟರು. ಗುಬ್ಬಿ ಬೇಸಿಗೆ ರಜೆಯ ಡ್ರಾಯಿಂಗ್ ಕ್ಲಾಸಿಗೆ ಹೋಗಿದ್ದಳು. ಮಾವ ಬರುತ್ತೇನೆಂದು ಚಪ್ಪಲಿ ಹಾಕಿಕೊಂಡವರು, ಕೊನೇ ಗಳಿಗೆಯಲ್ಲಿ ಮನೆ ನೋಡಿಕೊಳ್ಳಬೇಕೆಂದು ಉಳಿದರು. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತೇ ಕಳೆದ ಮನುಷ್ಯ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು.

ವ್ಯಾಯಾಮದ ಕೋಣೆಯಲ್ಲಿ ಪರೀಕ್ಷೆ ಮಾಡಲು ಬಂದದ್ದು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಅವಳ ಕೈಯಲ್ಲಿ ಹಿಡಿಯೊಂದು ಇದ್ದ ಯಂತ್ರ. ಅಮುಕಿದರೆ ಇಷ್ಟು ಕಿಲೋ ಎಂದು ಮೇಲೆ ಅಂಕಿ ಮೂಡುತ್ತಿತ್ತು. "ಮೊದಲು ಚೆನ್ನಾಗಿರೋ ಕೈಲಿ ಒತ್ತಿ ಅಮ್ಮ" ಎಂದಳು. ಎಡಗೈ ಹದಿನೆಂಟು ತೋರಿಸಿತು. "ಪರವಾಗಿಲ್ವೇ, ಗಟ್ಟಿ ಇದ್ದೀರ!"

"ಹಿಟ್ಟು ನಾದಿದ ಕೈ" ಎಂದರು ಅತ್ತೆ.

ಯಂತ್ರ ಬಲಗೈಗೆ ಬಂತು. ಹುಡುಗಿ ಬೆರಳುಗಳನ್ನು ಒಂದೊಂದಾಗಿ ಹಿಡಿಯ ಸುತ್ತ ಕೂರಿಸಿದಳು. ಅತ್ತೆ ಕಣ್ಣು ಮುಚ್ಚಿದರು. ಕುತ್ತಿಗೆಯ ನರ ಉಬ್ಬಿತು, ಎಡಗಾಲು ನೆಲವನ್ನು ಒತ್ತಿತು, ಮೂಗಿನಿಂದ ಸಣ್ಣ ಸದ್ದು ಹೊರಟಿತು. ಮಗ ಬಗ್ಗಿ ಅಂಕಿ ನೋಡಿದ.

"ಸೊನ್ನೆಗೆ ತಂದು ಶುರು ಮಾಡಿದ್ರಾ ಮೇಡಂ?"

"ತಂದಿದ್ದೀನಿ ಸರ್."

"ಇನ್ನೊಂದ್ಸಲ ನೋಡಿ. ಕೆಲವು ಸಲ ಯಂತ್ರಾನೂ…"

ಅವಳು ಬೇಸರಿಸಿಕೊಳ್ಳದೆ ಸೊನ್ನೆಗೆ ತಂದು ಮತ್ತೆ ಕೊಟ್ಟಳು. ಅತ್ತೆ ಮತ್ತೆ ಒತ್ತಿದರು. ಮೂರನೆಯ ಸಲ ಒತ್ತುವಾಗ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. "ಸಾಕಮ್ಮ, ಮೂರರಲ್ಲಿ ಹೆಚ್ಚಿನದನ್ನೇ ಬರ್ಕೋತೀವಿ" ಎಂದು ಹುಡುಗಿ ಅಂಕಿ ಬರೆದುಕೊಂಡು ಡಾಕ್ಟರನ್ನು ಕರೆಯಲು ಹೋದಳು. ಮಗ ಕಿಟಕಿಯ ಹತ್ತಿರ ಹೋಗಿ ಹೊರಗೆ ನಿಂತಿದ್ದ ಗಾಡಿಗಳನ್ನು ನೋಡತೊಡಗಿದ.

"ಎಷ್ಟು ಬಂತೋ?" ಎಂದರು ಅತ್ತೆ.

ಅವನು ತಿರುಗಲಿಲ್ಲ. ಅತ್ತೆ ಸೊಸೆಯ ಕಡೆ ನೋಡಿದರು. ಈ ಸಲ ಹೇಳಬೇಡ ಎನ್ನುವುದು ಆ ಕಣ್ಣುಗಳಲ್ಲಿ ಇರಲಿಲ್ಲ. ಸೊಸೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಬೆವೆತ ಆ ಬಲಗೈಯನ್ನು ತನ್ನ ಎರಡು ಕೈಗಳ ನಡುವೆ ತೆಗೆದುಕೊಂಡಳು.

"ಒಂದು ಕಿಲೋ ನಾನೂರು ಗ್ರಾಂ, ಅತ್ತೆ."